ತಿರುಗುವ ವೈಸ್ ಮತ್ತು ಸಬೀನಾ ಬಾಯಿಯ ಎಡಗೈ

ನಾನು ಒಂದು ವೈಸ್. ಗ್ಯಾರೇಜಿನಲ್ಲಿ ಕಬ್ಬಿಣದ ಪೈಪು ಕಚ್ಚಿ ಹಿಡಿಯುವ ದಪ್ಪ ವೈಸ್ ಅಲ್ಲ. ಅದರ ಮುಂದೆ ನಾನೊಂದು ಗುಬ್ಬಿ. ನನ್ನ ಎತ್ತರ ಒಂದು ಗೇಣು. ನನ್ನ ಕಾಲನ್ನು ಮೇಜಿನ ಅಂಚಿಗೆ ಸ್ಕ್ರೂ ಬಿಗಿದು ನಿಲ್ಲಿಸುತ್ತಾರೆ. ತುದಿಯಲ್ಲಿರುವ ನನ್ನ ಸಣ್ಣ ದವಡೆಗಳು ಗಾಳದ ಕೊಕ್ಕೆಯೊಂದನ್ನು ಕಚ್ಚಿ ಹಿಡಿಯುತ್ತವೆ. ಆ ಕೊಕ್ಕೆಯ ಮೇಲೆ ದಾರ, ಗರಿ, ಉಣ್ಣೆ ಸುತ್ತಿ, ಮೀನಿನ ಕಣ್ಣಿಗೆ ಹುಳದಂತೆ ಕಾಣುವ ಹುಸಿ ತಿನಿಸನ್ನು ಕಟ್ಟುತ್ತಾರೆ. ಅದಕ್ಕೆ ಫ್ಲೈ ಎಂದು ಹೆಸರು.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಲೇತ್ ಶಾಪಿನಲ್ಲಿ. ಅಲ್ಲಿ ಪಂಪಿನ ಬಿಡಿಭಾಗಗಳು ತಯಾರಾಗುತ್ತಿದ್ದವು. ಸೈನ್ಯದಲ್ಲಿದ್ದ ಮೇಜರ್ ಬೆಳ್ಯಪ್ಪ ಒಂದು ದಿನ ಕಾಗದದ ಮೇಲೆ ಗೀಚಿದ ಚಿತ್ರ ಹಿಡಿದು ಬಂದರು. ಲೇತಿನ ಪರಶುರಾಮ ಬಡಿಗೇರರು ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

“ಇದು ಏನ ಹಿಡಿತೈತ್ರಿ ಸಾಹೇಬ್ರ?”

“ಮೀನಿನ ಕೊಕ್ಕೆ.”

“ಅಷ್ಟ ಸಣ್ಣದಕ್ಕ ಇದೆಲ್ಲಾ ಯಾಕ ತಿರಗಬೇಕ್ರಿ?”

ಮೇಜರ್ ನಕ್ಕರು. ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎಲ್ಲೋ ಪರದೇಶದ ಪತ್ರಿಕೆಯಲ್ಲಿ ಅಂಥದ್ದನ್ನು ನೋಡಿ ಆಸೆಪಟ್ಟಿದ್ದರು, ಅಷ್ಟೆ. ಬಡಿಗೇರರು ಉಕ್ಕಿನ ಸರಳನ್ನು ಕೊರೆದು ನನ್ನ ಮೈ ಮಾಡಿದರು. ಹಿತ್ತಾಳೆಯಲ್ಲಿ ಪುಟ್ಟ ಹಿಡಿಕೆ ಮಾಡಿ ನನ್ನ ಬೆನ್ನಿಗೆ ಕೂಡಿಸಿದರು. ಅದನ್ನು ತಿರುಗಿಸಿದರೆ ದವಡೆಯೊಡನೆ ಕೊಕ್ಕೆಯೂ ನಿಂತಲ್ಲೇ ಸುತ್ತುತ್ತಿತ್ತು. ದಾರದ ಉರುಳೆಯನ್ನು ತೂಗುಹಾಕಲು ಬದಿಯಲ್ಲೊಂದು ತಂತಿಯ ತೋಳನ್ನೂ ಇಟ್ಟರು. ಕೆಲಸ ಮುಗಿದಾಗ ಹಿಡಿಕೆಯನ್ನು ಒಮ್ಮೆ ಮೀಟಿ, ಸದ್ದಿಲ್ಲದೆ ತಿರುಗಿದ ನನ್ನನ್ನು ಬಹಳ ಹೊತ್ತು ನೋಡುತ್ತ ನಿಂತರು.

ಮೇಜರ್ ನಿವೃತ್ತರಾಗಿ ಕೊಡಗಿನ ಸಿದ್ದಾಪುರದ ಕಡೆ ಬಂದು ನೆಲೆಸಿದರು. ಕಾವೇರಿಯ ಮಹಶೀರ್ ಮೀನುಗಳೆಂದರೆ ಅವರಿಗೆ ಪ್ರಾಣ. ಪರವಾನಗಿ ಪಡೆದು ಗಾಳ ಹಾಕುವರು, ಹಿಡಿದದ್ದನ್ನು ನೀರಿಗೇ ಬಿಡುವರು. ಆದರೆ ಫ್ಲೈ ಕಟ್ಟುವಾಗ ಅವರದು ಹಳೆಯ ರೂಢಿ. ಕೊಕ್ಕೆ ಅಲುಗಾಡಬಾರದೆಂದು ನಾನು ತಿರುಗದಂತೆ ತಡೆಯುವ ಸ್ಕ್ರೂವನ್ನು ಗಟ್ಟಿಯಾಗಿ ಬಿಗಿದರು. ಮತ್ತೆ ಸಡಿಲಿಸಲೇ ಇಲ್ಲ. ವರ್ಷಗಟ್ಟಲೆ ನಾನು ಕಚ್ಚಿ ಹಿಡಿಯುವ ಕೆಲಸವನ್ನಷ್ಟೇ ಮಾಡಿದೆ. ತಿರುಗಲು ಹುಟ್ಟಿದವನೆಂಬುದು ನನಗೇ ಮರೆತುಹೋಗಿತ್ತು.

ಅವರಿಗೆ ಬೇಕಾದ ದಾರವೆಲ್ಲ ಬರುತ್ತಿದ್ದುದು ಸಬೀನಾ ಬಾಯಿಯ ಟೈಲರಿಂಗ್ ಅಂಗಡಿಯಿಂದ. ಸಬೀನಾ ಡಿಸೋಜಾ ಮದುವೆಯ ಗೌನು ಹೊಲಿಯುವುದರಲ್ಲಿ ಊರಿಗೆಲ್ಲ ಹೆಸರಾದವರು. ಒಂದು ಬೆಳಿಗ್ಗೆ ಬಟ್ಟೆ ಕತ್ತರಿಸುತ್ತಿದ್ದಂತೆಯೇ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಮರಳಿತು, ಕಾಲು ಎಳೆದುಕೊಂಡಾದರೂ ನಡೆಯಿತು. ಎಡಗೈ ಮಾತ್ರ ಸುಮ್ಮನಾಯಿತು. ಅಂಗಡಿ ಮುಚ್ಚಿ, ತಂಗಿ ಐರಿನಳ ಮನೆಯ ಕೋಣೆಯೊಂದರಲ್ಲಿ ಕುಳಿತವರು ಹೊರಗೆ ಬರುವುದನ್ನೇ ಬಿಟ್ಟರು. ಇಗರ್ಜಿಗೂ ಹೋಗಲಿಲ್ಲ. ಯಾರಾದರೂ ನೋಡಲು ಬಂದರೆ ಎಡಗೈಯನ್ನು ಸೆರಗಿನಡಿ ಮುಚ್ಚಿಟ್ಟುಕೊಳ್ಳುತ್ತಿದ್ದರು.

ಮೇಜರ್ ನನ್ನನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋದರು. ಹೇಗಿದ್ದೀರಿ ಎಂದು ಕೇಳಲಿಲ್ಲ. ನೇರವಾಗಿ ಹೊಲಿಗೆಯ ಮೇಜಿಗೆ ನನ್ನನ್ನು ಬಿಗಿದರು.

“ಕಣ್ಣು ಮಂಜಾಗಿದೆ ಬಾಯಿ. ಕೊಕ್ಕೆಗೆ ದಾರ ಪೋಣಿಸೋ ತೂತು ಕೂಡ ಕಾಣಲ್ಲ. ನನಗೆ ಫ್ಲೈ ಕಟ್ಟಿಕೊಡೋರು ಬೇಕು.”

“ಒಂದು ಕೈಯಲ್ಲಿ ಏನು ಕಟ್ಟೋದು ಸಾರ್? ತಗೊಂಡು ಹೋಗಿ.”

“ಇಲ್ಲೇ ಇರಲಿ. ನಮ್ಮ ಮನೆಯಲ್ಲಿದ್ದರೂ ಧೂಳು ತಿನ್ನುತ್ತೆ.”

ಅವರು ಹೋದ ಮೇಲೆ ಸಬೀನಾ ನನ್ನ ತಲೆಯ ಮೇಲೆ ಒಂದು ಟವೆಲ್ ಹಾಕಿದರು. ಅದರಡಿಯ ಕತ್ತಲಲ್ಲಿ ಕುಳಿತು ನಾನು ಅವರ ಉಸಿರನ್ನು ಕೇಳುತ್ತಿದ್ದೆ. ಐರಿನ್ ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ ಟವೆಲ್ ಸರಿಯಿತು. ಮೇಜರ್ ಬಿಟ್ಟುಹೋಗಿದ್ದ ಕೊಕ್ಕೆಯೊಂದನ್ನು ಸಬೀನಾ ಬಲಗೈಯಿಂದ ನನ್ನ ದವಡೆಯೊಳಗಿಟ್ಟು, ಬಿಗಿಯುವ ಸನ್ನೆಕೋಲನ್ನು ಗಲ್ಲದಿಂದ ಒತ್ತಿದರು. ಗಲ್ಲದಿಂದ! ಅಂಥ ಸ್ಪರ್ಶ ನಾನು ಕಂಡಿರಲಿಲ್ಲ. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಕೊಕ್ಕೆಗೆ ಸುತ್ತಿದರು. ದಾರವೇನೋ ಕೂತಿತು. ಆದರೆ ಉಣ್ಣೆ ಸುತ್ತುವಾಗ ಕೊಕ್ಕೆಯ ಆಚೆ ಬದಿಯಿಂದ ಅದನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕು. ಪ್ರತಿ ಸಲವೂ ಉಣ್ಣೆ ಬಿಚ್ಚಿ ಮಡಿಲಿಗೆ ಬಿತ್ತು. ಅವರ ಕಣ್ಣು ನನ್ನ ಬೆನ್ನ ಹಿಂದಿನ ಹಿತ್ತಾಳೆಯ ಹಿಡಿಕೆಯ ಮೇಲೆ ನಿಂತಿತು.

ಮುಂದಿನ ಸಲ ಮೇಜರ್ ಬಂದಾಗ ಸಬೀನಾ ಕೇಳಿದರು. “ಸಾರ್, ಇದು ತಿರುಗೋದಿಲ್ವಾ?”

“ತಿರುಗುತ್ತೆ. ತಿರುಗಿಸೋದು ಹೇಗೆ ಅಂತ ನಾನೇ ಕಲೀಲಿಲ್ಲ.”

“ಸಡಿಲ ಮಾಡಿ ನೋಡುವ.”

ಸ್ಕ್ರೂ ಕಚ್ಚಿಕೊಂಡುಬಿಟ್ಟಿತ್ತು. ಹೊಲಿಗೆ ಮೆಷಿನ್ನಿನ ಎಣ್ಣೆ ಹನಿಸಿ ಕಾದರು. ಎಣ್ಣೆ ನನ್ನೊಳಗೆ ಇಳಿಯಿತು. ಮೇಜರ್ ಕಟಿಂಗ್ ಪ್ಲೇಯರ್ ಹಾಕಿ ತಿರುಪಿದಾಗ ನನ್ನ ಮೈ ಝುಮ್ಮೆಂದಿತು. ನಾನು ತಿರುಗಿದೆ. ಮೇಜರ್ ಹಿಡಿಕೆಗೆ ಕೈ ಚಾಚುವಷ್ಟರಲ್ಲಿ ಸಬೀನಾ ತಡೆದರು. ಬಲಗೈಯಿಂದ ತಮ್ಮ ಎಡಗೈಯನ್ನು ಸೆರಗಿನಡಿಯಿಂದ ಎತ್ತಿ ತಂದು ನನ್ನ ಹಿಡಿಕೆಯ ಮೇಲಿಟ್ಟರು.

ಆ ಕೈ ತಣ್ಣಗಿತ್ತು, ಭಾರವಾಗಿತ್ತು. ಬೆರಳುಗಳು ಏನನ್ನೂ ಹಿಡಿಯಲಿಲ್ಲ. ಆದರೆ ಭುಜದಲ್ಲಿ ಎಲ್ಲೋ ಸ್ವಲ್ಪ ಬಲ ಉಳಿದಿತ್ತು. ಅವರು ಭುಜವನ್ನು ಮುಂದಕ್ಕೆ ನೂಕಿದರು. ಮಣಿಕಟ್ಟು ಹಿಡಿಕೆಯನ್ನು ಒತ್ತಿತು. ನಾನು ಅರ್ಧ ಸುತ್ತು ಬಂದೆ. ಸಬೀನಾ ಉಸಿರು ಬಿಗಿಹಿಡಿದು ನನ್ನನ್ನೇ ನೋಡಿದರು. ಮೇಜರ್ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡರು.

ಕಲಿಯುವುದು ಸುಲಭವಾಗಿರಲಿಲ್ಲ. ಕೊಕ್ಕೆಯನ್ನು ನಟ್ಟನಡುವೆ ಕೂಡಿಸದಿದ್ದರೆ ಅದು ಡೊಂಕು ಚಕ್ರದಂತೆ ಕುಣಿಯುತ್ತಿತ್ತು. ಉರುಳೆಯನ್ನು ನನ್ನ ತಂತಿಯ ತೋಳಿಗೆ ತೂಗುಹಾಕಲು ಮರೆತರೆ ದಾರ, ಗರಿ, ಉಣ್ಣೆ ಎಲ್ಲ ಸೇರಿ ಜೇಡರ ಬಲೆಯಾಗುತ್ತಿತ್ತು. ಒಮ್ಮೆ ಮೇಜರ್ ತಾವೇ ತೋರಿಸಲು ಹೋಗಿ ಅಂಗಿಯ ಗುಂಡಿಯನ್ನೂ ಸುತ್ತಿಬಿಟ್ಟರು.

“ಬಾಯಿ, ಕತ್ತರಿ ಕೊಡಿ. ನಾನೇ ಗಾಳಕ್ಕೆ ಸಿಕ್ಕಿಬಿದ್ದೆ.”

ಸಬೀನಾ ನಕ್ಕರು. ಆ ಸದ್ದು ಕೇಳಿ ಐರಿನ್ ಅಡುಗೆಮನೆಯಿಂದ ಓಡಿಬಂದು, ಬಾಗಿಲಲ್ಲೇ ನಿಂತು ನೋಡಿ, ಹಿಂದಕ್ಕೆ ಹೋದಳು.

ನಿಧಾನಕ್ಕೆ ಎಲ್ಲವೂ ಒಂದು ಲಯಕ್ಕೆ ಬಂತು. ಎಡಗೈ ನನ್ನನ್ನು ತಿರುಗಿಸುವುದು, ಬಲಗೈ ಗರಿಯನ್ನು ಬಿಗಿಯಾಗಿ ಎಳೆದು ಹಿಡಿಯುವುದು, ಗರಿ ತಾನೇ ಕೊಕ್ಕೆಗೆ ಸುತ್ತಿಕೊಳ್ಳುವುದು. ಕೊನೆಗೆ ಗರಿಯ ತುದಿಯನ್ನು ಹಲ್ಲಲ್ಲಿ ಹಿಡಿದು ದಾರದಿಂದ ಕಟ್ಟುವುದು. ಹುಂಜದ ಕುತ್ತಿಗೆಯ ಗರಿಯೊಂದು ನನ್ನ ಕಣ್ಣೆದುರಿಗೇ ಎಳೆಎಳೆಯಾಗಿ ಅರಳಿ, ಈಗಷ್ಟೇ ನೀರಿಂದ ಎದ್ದ ಹುಳವಾಗುತ್ತಿತ್ತು. ಇಂಥದ್ದು ನನ್ನಿಂದ ಆದೀತೆಂದು ನನಗೆ ತಿಳಿದೇ ಇರಲಿಲ್ಲ.

ಬೇಸಿಗೆಯಲ್ಲಿ ಮೇಜರ್ ಬಾಡಿಗೆ ಜೀಪಿನಲ್ಲಿ ನಮ್ಮಿಬ್ಬರನ್ನೂ ಹೊಳೆಗೆ ಕರೆದೊಯ್ದರು, ಸಬೀನಾರನ್ನೂ ನನ್ನನ್ನೂ. ನೀರಿನ ಪಕ್ಕದಲ್ಲೇ ಜೀಪು ನಿಲ್ಲಿಸಲು ಹೇಳಿ ಅದರ ಹಿಂಬದಿಯ ಹಲಗೆಗೆ ನನ್ನನ್ನು ಬಿಗಿದರು. ದಡದ ಅತ್ತಿಮರದಡಿ ದೊಡ್ಡ ಮೀನುಗಳು ಮೇಲೆದ್ದು ಮುಳುಗುತ್ತಿದ್ದವು. ಮೇಜರ್ ಎಸೆದ ಯಾವ ಹುಳವನ್ನೂ ಅವು ಮೂಸಲಿಲ್ಲ.

“ಇವತ್ತು ಹೊಟ್ಟೆ ತುಂಬಿದೆ ಅಂತ ಕಾಣುತ್ತೆ,” ಎಂದರು ಮೇಜರ್.

“ಅವು ಹುಳ ತಿಂತಾ ಇಲ್ಲ ಸಾರ್. ಹಣ್ಣು ಬಿದ್ದ ಕಡೆಗೆ ಬರ್ತಿವೆ, ನೋಡಿ.”

“ಬೀಳೋ ಸದ್ದು ಕೇಳುತ್ತೆ. ಹಣ್ಣು ನನಗೆ ಕಾಣಲ್ಲ. ಹಣ್ಣಿನ ಹಾಗೆ ಒಂದು ಕಟ್ಟೋಕಾಗುತ್ತಾ?”

ಚೀಲದಲ್ಲಿ ಕೆಂಪು ಮಣ್ಣಿನ ಬಣ್ಣದ ಉಣ್ಣೆಯಿತ್ತು. ಸಬೀನಾರ ಭುಜ ನೂಕುತ್ತಿತ್ತು, ನಾನು ತಿರುಗುತ್ತಿದ್ದೆ, ಉಣ್ಣೆ ಸುತ್ತಿ ಸುತ್ತಿ ದುಂಡಗಾಗುತ್ತಿತ್ತು. ಮೊದಲನೆಯದು ಮೊಟ್ಟೆಯ ಹಾಗಾಯಿತು, ಬಿಚ್ಚಿದರು. ಎರಡನೆಯದು ಅತ್ತಿಹಣ್ಣೇ.

ಮೇಜರ್ ಅದನ್ನು ಮರದಡಿಗೆ ಎಸೆದರು. ಅದು ಹಣ್ಣಿನಂತೆಯೇ ಸದ್ದು ಮಾಡಿ ಬಿತ್ತು. ನೀರು ಒಡೆಯಿತು. ದಾರ ಕಿರ್ರೆಂದು ಹೊಳೆಯ ನಡುವಿಗೆ ಓಡಿತು. ಮೇಜರ್ ಬಂಡೆಗಳ ಮೇಲೆ ತಡವರಿಸುತ್ತ, ಬಗ್ಗುತ್ತ, ಬಿಡುತ್ತ, ಎಳೆಯುತ್ತ ಬಹಳ ಹೊತ್ತು ಹೆಣಗಿ ಅದನ್ನು ಆಳವಿಲ್ಲದ ಕಡೆಗೆ ತಂದರು. ಹಲಗೆಯ ಮೇಲಿಂದ ನಾನು ಕಂಡೆ. ಒಂದು ಮಗುವಿನಷ್ಟು ಉದ್ದದ ಮೀನು. ಅಂಗೈಯಗಲದ ಹುರುಪೆಗಳು, ಪ್ರತಿಯೊಂದರ ಅಂಚಿಗೂ ಬೆಳಕಿನ ಗೆರೆ. ಬಡಿಗೇರರ ಲೇತಿನಲ್ಲಿ ಹೊಸ ಹಿತ್ತಾಳೆ ಹೊಳೆಯುವುದನ್ನು ನಾನು ನೋಡಿದ್ದೆ. ಈ ಹೊಳಪು ಉಸಿರಾಡುತ್ತಿತ್ತು.

“ಬನ್ನಿ ಬಾಯಿ. ಕೊಕ್ಕೆ ನಾನು ಬಿಡಿಸ್ತೇನೆ. ಅದು ಸುಧಾರಿಸಿಕೊಳ್ಳೋವರೆಗೆ ನೀವು ಅಡಿಯಲ್ಲಿ ಕೈ ಕೊಡಿ. ಹಿಡೀಬೇಡಿ. ಹಿಡಿದರೆ ಅದಕ್ಕೆ ನೋವಾಗುತ್ತೆ.”

ಸಬೀನಾ ಸೀರೆ ನೆನೆಯುವುದನ್ನೂ ಲೆಕ್ಕಿಸದೆ ನೀರಲ್ಲಿ ಕುಳಿತರು. ಬಲಗೈಯನ್ನು ಬಂಡೆಗೆ ಊರಿ, ಎಡಗೈಯನ್ನು ಮೀನಿನ ಹೊಟ್ಟೆಯ ಅಡಿಗೆ ಜಾರಿಸಿದರು.

“ಇದಕ್ಕೆ ಹಿಡಿಯೋಕೆ ಬರೋದೇ ಇಲ್ಲ ಸಾರ್.”

“ಅಂಥ ಕೈಯೇ ಬೇಕು.”

ಆ ದೊಡ್ಡ ಜೀವ ಆ ತೆರೆದ ಅಂಗೈಯ ಮೇಲೆ ಸುಮ್ಮನೆ ಮಲಗಿತು. ಕಿವಿರುಗಳು ತೆರೆದವು, ಮುಚ್ಚಿದವು. ಆಮೇಲೆ ಬಾಲ ಒಮ್ಮೆ ಬೀಸಿತು, ಅಂಗೈ ಬರಿದಾಯಿತು. ಸಬೀನಾ ಹಾಗೆಯೇ ಕುಳಿತಿದ್ದರು. ದಡಕ್ಕೆ ಬಂದ ಮೇಲೆ ಆ ಕೈಯನ್ನು ಸೆರಗಿನಲ್ಲಿ ಒರೆಸಿದರು, ಮುಚ್ಚಿಡಲಿಲ್ಲ.

ಅವರ ಕೈ ಮತ್ತೆ ಮೊದಲಿನಂತಾಗಲಿಲ್ಲ. ಆದರೆ ಆ ಭಾನುವಾರ ಅವರು ಇಗರ್ಜಿಗೆ ಹೋದರು. ಊರೂರಿನ ಗಾಳದವರು ಫ್ಲೈ ಕಟ್ಟಿಸಲು ಐರಿನಳ ಮನೆ ಹುಡುಕಿಕೊಂಡು ಬರತೊಡಗಿದರು. ಕೆಲವು ವರ್ಷಗಳಾದ ಮೇಲೆ ಒಂದು ಮಳೆಗಾಲದಲ್ಲಿ ಮೇಜರ್ ತೀರಿಕೊಂಡರು. ಅಂದು ಸಬೀನಾ ನನ್ನ ಹತ್ತಿರ ಬರಲಿಲ್ಲ. ಮರುದಿನ ಬಂದು, ಹೊಲಿಗೆ ಮೆಷಿನ್ನಿನ ಎಣ್ಣೆ ಹಾಕಿ, ಕೊಕ್ಕೆ ಏರಿಸದೆ ನನ್ನನ್ನು ಬರಿದೇ ತಿರುಗಿಸುತ್ತ ಕುಳಿತರು.

ಈಗ ನನಗೆ ವಯಸ್ಸಾಗಿದೆ. ದವಡೆಯ ತುದಿ ಸವೆದು ಸಣ್ಣ ಕೊಕ್ಕೆಗಳು ಜಾರುತ್ತವೆ. ಸಬೀನಾ ಹೊಸ ವೈಸ್ ತರಿಸಿಕೊಂಡಿದ್ದಾರೆ. ನನ್ನನ್ನು ಗುಜರಿಗೆ ಹಾಕಲಿಲ್ಲ. ಪಾರ್ಶ್ವವಾಯು ಆದವರಿಗೆ ವ್ಯಾಯಾಮ ಮಾಡಿಸುವ ಒಂದು ಆಸ್ಪತ್ರೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿಗೆ ತಾವೇ ಬಂದು ಬಿಗಿದು ಹೋದರು. ಕೊಕ್ಕೆಯ ಜಾಗದಲ್ಲಿ ಒಂದು ದಪ್ಪ ಕಡ್ಡಿ ಇದೆ. ರೋಗಿಗಳು ಅದಕ್ಕೆ ಬಣ್ಣದ ಉಣ್ಣೆ ಸುತ್ತುತ್ತಾರೆ.

ನಾನು ಉಕ್ಕು. ನನ್ನನ್ನು ಮಾಡಿದವರು ಗಟ್ಟಿಯಾಗಿರಲೆಂದೇ ಮಾಡಿದರು. ಆದರೂ ಮನುಷ್ಯರ ಈ ಮೆತ್ತಗಿನ, ಹಟಮಾರಿ ಮಾಂಸವನ್ನು ನೋಡಿದಷ್ಟೂ ನನ್ನ ಬೆರಗು ತೀರುವುದಿಲ್ಲ. ಇವತ್ತು ಬೆಳಿಗ್ಗೆ ಒಬ್ಬ ಲಾರಿ ಡ್ರೈವರ್ ಬಂದ. ಹೆಂಡತಿ ಅವನ ಕೈಯನ್ನು ಎತ್ತಿ ನನ್ನ ಹಿಡಿಕೆಯ ಮೇಲಿಟ್ಟಳು. ಬಹಳ ಹೊತ್ತು ಏನೂ ಆಗಲಿಲ್ಲ. ಅವನ ಹಣೆಯಲ್ಲಿ ಬೆವರು ಮೂಡಿತು.

“ಸಾಕು, ನಾಳೆ ನೋಡುವ,” ಎಂದಳು ಅವಳು.

“ಇರು ಮಾರಾಯ್ತಿ. ಇದು ಈಗ ಅಲ್ಲಾಡ್ತು.”

ಅವಳು ನಂಬಲಿಲ್ಲ. ಆದರೆ ಹಿಡಿಕೆ ನನ್ನದು; ಅವನು ಹೇಳಿದ್ದು ನಿಜ.