ಒದ್ದೆ ಹಾಸಿನ ನಡುವೆ ಮೆಂಬರ್ರು

ಜಗಳೂರಿನ ಕಂಬಳಿ ಬೀದಿಗೆ ಬೆಳಗಾಯಿತೆಂದು ಮೊದಲು ತಿಳಿಸುವುದು ಹುಣಸೆಬೀಜದ ಗಂಜಿಯ ವಾಸನೆ. ಸೂರ್ಯ ಇನ್ನೂ ಮಾಳಿಗೆಗಳ ಹಿಂದೆಲ್ಲೋ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಅದು ಒಲೆಗಳಿಂದೆದ್ದು, ಅರೆನಿದ್ದೆಯಲ್ಲಿರುವವರ ಮೂಗಿನ ತನಕ ಬಂದು ಕೂರುತ್ತದೆ. ಆಮೇಲೆ ಬೀದಿಯಲ್ಲಿ ಹಾಸು ಏಳುತ್ತದೆ. ಹಾಸೆಂದರೆ ಕಂಬಳಿಯ ಉದ್ದನೆಯ ನೂಲು. ಮಗ್ಗಕ್ಕೆ ಏರುವ ಮೊದಲು ಅದನ್ನು ಹದಿನೈದು ಮಾರು ಉದ್ದಕ್ಕೆ, ಸೊಂಟದ ಎತ್ತರದಲ್ಲಿ ಬಿಗಿದು, ಕುಂಚದಿಂದ ಗಂಜಿ ಬಳಿದು, ಬಿಸಿಲಿಗೆ ಒಣಗಿಸಬೇಕು.

ಗಾದ್ರಮ್ಮನಿಗೆ ಆ ಹೊತ್ತೆಂದರೆ ರಾತ್ರಿಯ ಕನಸೇ ಎದ್ದು ಓಡಾಡಿದ ಹಾಗೆ. ಐವತ್ತು ದಾಟಿದ ಹೆಂಗಸು. ಗಂಡ ತೀರಿದ ಮೇಲೆ ಮೈದುನ ಗೋಣೆಪ್ಪ ಮಗ್ಗದ ಗುಂಡಿಗೆ ಇಳಿದಿದ್ದ. ಹಾಸಿನ ಕೆಲಸ ಇವಳ ಕೈಯಲ್ಲೇ ಉಳಿದಿತ್ತು. ಕುಂಚ ಹಿಡಿದು ಆ ತುದಿಗೆ ಹೋಗಬೇಕು, ಈ ತುದಿಗೆ ಬರಬೇಕು. ಒದ್ದೆಯಾದ ಕರಿ ನೂಲಿನ ಮೇಲೆ ಎಳೆಬಿಸಿಲು ಬಿದ್ದರೆ ಬೀದಿಯ ತುಂಬ ನೀರು ನಿಂತಂತೆ ಕಾಣುತ್ತಿತ್ತು. ಮದುವೆಯಾದ ಹೊಸದರಲ್ಲಿ ಗಂಡನ ಜತೆ ಹೊನ್ನಾಳಿಗೆ ಹೋದಾಗ ಒಮ್ಮೆ ಮಾತ್ರ ಅವಳು ತುಂಬಿದ ಹೊಳೆ ನೋಡಿದ್ದಳು. ಆ ಹೊಳೆ ತನ್ನ ಹಿಂದೆಯೇ ಜಗಳೂರಿಗೆ ಬಂದುಬಿಟ್ಟಿದೆ, ದಿನಾ ಬೆಳಿಗ್ಗೆ ಇಷ್ಟುಹೊತ್ತು ಹರಿದು ಹೋಗುತ್ತದೆ ಅನ್ನಿಸುತ್ತಿತ್ತು ಅವಳಿಗೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎದುರುಮನೆ ಅಂಜಮ್ಮ ಊರೆಲ್ಲ ಡಂಗುರ ಸಾರಿ ನಗುತ್ತಿದ್ದಳು.

ಒಂದು ವಾರದಿಂದ ಮಾತ್ರ ಆ ಹೊಳೆಯ ಮೇಲೆ ಒಂದು ನೆರಳು ಬಿದ್ದಿತ್ತು. ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಹಿಂದೊಂದು ಒಲೆ ಕಟ್ಟಿಕೊಂಡು, ಇದ್ದಿಲಿನ ಹೊಗೆಯ ಬಲದ ಮೇಲೆ ಓಡುತ್ತಿದ್ದವು. ಆ ಬಲಕ್ಕೆ ಪೇಟೆಬೀದಿಯ ಏರು ಹತ್ತುವುದು ಆಗುತ್ತಿರಲಿಲ್ಲ. ದಿನಾ ಅರ್ಧ ಏರಿಗೆ ಬಸ್ಸು ಉಸಿರು ಬಿಡುವುದು, ಜನ ಇಳಿದು ತಳ್ಳುವುದು. ಅದಕ್ಕೇ ಮುನಿಸಿಪಾಲಿಟಿಯವರು ಸಮತಟ್ಟಾದ ಕಂಬಳಿ ಬೀದಿಯಲ್ಲಿ ಬಸ್ಸು ಬಿಡುತ್ತಾರಂತೆ ಎಂದು ಸುದ್ದಿ. ಬಸ್ಸು ಬಂದರೆ ಹಾಸು ಎಲ್ಲಿ? ಊರ ಹೊರಗಿನ ಬಯಲಿನಲ್ಲಿ ಕೆಂಧೂಳಿನ ಗಾಳಿ. ಒದ್ದೆ ಉಣ್ಣೆಗೆ ಧೂಳು ಹತ್ತಿದರೆ ನೂಲು ಮುಳ್ಳಾಗುತ್ತದೆ. ಎರಡೂ ಕಡೆ ಗೋಡೆಯಿದ್ದು, ನೆಟ್ಟಗಿದ್ದು, ಬಿಸಿಲು ಬೀಳುವ ಬೀದಿ ಊರಿಗೆಲ್ಲ ಇದೊಂದೇ. ಹಾಸು ನಿಂತರೆ ಮಗ್ಗ ನಿಂತಿತು. ಮಗ್ಗ ನಿಂತರೆ ಗೋಣೆಪ್ಪನ ಸಂಸಾರ ಕೂಲಿಗೆ, ತಾನು ಅಳಿಯನ ಮನೆಯ ಮೂಲೆಗೆ. ಗಾದ್ರಮ್ಮ ಇದನ್ನೆಲ್ಲ ಕೂಡಿಸಿ ಕಳೆದು ನೋಡಿ, ಬೀದಿಯವರ ಕೈಲಿ ಮೆಂಬರ್ ನಾಗೇಂದ್ರಪ್ಪನವರಿಗೆ ಹೇಳಿ ಕಳಿಸಿದ್ದಳು: ಒಮ್ಮೆ ಬರಲಿ, ಮಾತಾಡಬೇಕು.

ಅವರು ಬಂದರು. ಆದರೆ ಹಾಸಿನ ಹೊತ್ತಿಗೇ ಬಂದರು.

ಅಂದು ಗಾದ್ರಮ್ಮನ ಹಾಸು ಬೀದಿಯ ಈ ಪಕ್ಕ, ಅಂಜಮ್ಮನ ಹಾಸು ಆ ಪಕ್ಕ. ಎರಡಕ್ಕೂ ಸೇರಿ, ಬೀದಿಗೆ ಅಡ್ಡಲಾಗಿ, ಎರಡು ತುದಿಯಲ್ಲಿ ಒಂದೊಂದೇ ಉದ್ದ ಬಿದಿರು, ತಲೆಕೋಲು. ನಾಗೇಂದ್ರಪ್ಪನವರು ಬಿಳಿ ಕೋಟು, ಮಡಿಚಿದ ಛತ್ರಿ, ಕಿರ್‍ರೆನ್ನುವ ಹೊಸ ಚಪ್ಪಲಿಯೊಂದಿಗೆ ಪಡುವಣ ತುದಿಯಿಂದ ಎರಡು ಹಾಸುಗಳ ನಡುವೆ ನಡೆದು ಬಂದೇಬಿಟ್ಟರು. ಆ ಕಡೆಯ ತಲೆಕೋಲನ್ನು ಆಗ ಇನ್ನೂ ಬಿಗಿದಿರಲಿಲ್ಲ. ಗೋಣೆಪ್ಪನಿಗೆ ಕೆಲಸ ಹಿಡಿದರೆ ಮನುಷ್ಯರು ಕಾಣುವುದಿಲ್ಲ. ಅವರ ಬೆನ್ನ ಹಿಂದೆಯೇ ಕೋಲೆಳೆದು ಗೂಟಕ್ಕೆ ಬಿಗಿದ. ಹೆಂಗಸರು ಗಂಜಿ ಬಳಿಯತೊಡಗಿದರು.

"ಏನಮ್ಮಾ ನಿಮ್ಮ ಅಹವಾಲು? ಜಲ್ದಿ ಹೇಳ್ರಿ, ನಂಗೆ ಕೆಲಸ ಐತೆ," ಅಂದರು ಮೆಂಬರ್ರು.

"ಜಲ್ದಿ ಯಾತಕ್ರಿ," ಅಂಜಮ್ಮ ಆ ಕಡೆಯಿಂದ ನಕ್ಕಳು. "ಇನ್ನು ನೀವೆಲ್ಲಿಗೆ ಹೋಗಾಕಾಗುತ್ತೆ?"

ನಾಗೇಂದ್ರಪ್ಪನವರು ಮುಂದೆ ನೋಡಿದರು, ಹಿಂದೆ ನೋಡಿದರು. ಎರಡು ಕಡೆ ಒದ್ದೆ ನೂಲು, ಎರಡು ತುದಿಗೂ ಕೋಲು. "ಇದೇನ್ರಪ್ಪಾ, ದೊಡ್ಡಿಗೆ ಕುರಿ ಕೂಡಿದಂಗೆ ಕೂಡಿಬಿಟ್ರಲ್ಲ! ಬಗ್ಗಿ ಆಚೆ ಬರ್ತೀನಿ ತಡೀರಿ."

"ಅಯ್ಯಯ್ಯೋ, ಬ್ಯಾಡ್ರೀ!" ಗಾದ್ರಮ್ಮ ಕುಂಚವನ್ನೇ ಅಡ್ಡ ಹಿಡಿದಳು. "ಹಸಿ ಹಾಸು ದಾಟಬಾರ್ದು, ನುಸುಳಬಾರ್ದು. ತಲೆಕೋಲೂ ಅಷ್ಟೇ. ದಾಟಿದ ಹಾಸಿನ ಕಂಬಳಿ ದೇವರ ಗದ್ದಿಗೆಗೆ ಬರಲ್ಲ, ಮದುವಿ ಹಸೆಗೆ ಬರಲ್ಲ, ಬಾಣಂತಿಗೂ ಹೊದಿಸಲ್ಲ. ಕತ್ತೆ ಬೆನ್ನಿಗೆ ಹಾಕ್ಬೇಕು ಅಷ್ಟೆಯ."

"ಕೋಲು ಬಿಚ್ಚಪ್ಪಾ, ಗೋಣೆಪ್ಪ."

"ಬಿಚ್ಚಿದ್ರೆ ಎಳೆಎಳೆಗೆ ಮೆತ್ಕಂಡು ಗಂಟಾಗ್ತಾವ್ರಿ. ಒಣಗಲಿ," ಅಂದ ಗೋಣೆಪ್ಪ, ಬಹಳ ಮರ್ಯಾದೆಯಿಂದ. "ನಮ್ಮ ಕಟ್ಟೆ ಬಿಟ್ಟು ನೆರಳು ಜಾರೋ ಹೊತ್ತಿಗೆ ಒಣಗಿರ್ತೈತೆ."

ಕುರುಬರ ಊರಿನಲ್ಲಿ ಹುಟ್ಟಿದ ಮನುಷ್ಯ, ನಾಳೆ ಮತ್ತೆ ಇದೇ ಜನರ ಓಟು ಬೇಕಾದ ಮನುಷ್ಯ, ದಾಟುವುದು ಹೇಗೆ? ನಿಂತರು. ಅವರು ನಿಂತರೂ ಮಾತು ನಿಲ್ಲಲಿಲ್ಲ. ಗಂಜಿ ಆರುವ ಮೊದಲು ಬಳಿಯಬೇಕಾದ್ದರಿಂದ ಹೆಂಗಸರು ನಡೆಯುತ್ತಲೇ ಇದ್ದರು. ಕೇಳಿಸಿಕೊಳ್ಳಬೇಕಾದರೆ ಮೆಂಬರ್ರೂ ನಡುವೆ ಜತೆಜತೆಗೆ ನಡೆಯಬೇಕಾಯಿತು. ಬಾವಿಯ ಗಾಲಿ ಸವೆದ ವಿಷಯ ಮೂಡಣ ತುದಿಯಲ್ಲಿ ಶುರುವಾಗಿ ಪಡುವಣ ತುದಿಯಲ್ಲಿ ಮುಗಿಯಿತು. ಬರುವಾಗ ಬೀದಿ ದೀಪದ ಮಾತು.

"ಪಂಚಾಂಗದಾಗೆ ಬೆಳದಿಂಗಳು ಅಂತ ಬರೆದೈತೆ ಅಂತ ನಿಮ್ಮೋರು ದೀಪಾನೇ ಹಚ್ಚಲ್ಲ. ಮೋಡ ಆದ್ರೆ ಚಂದ್ರನ್ನ ಯಾರ್ರಿ ಹಚ್ತಾರೆ?" ಅಂಜಮ್ಮ ಕೇಳಿದಳು.

"ಅದು ರೂಲ್ಸು ಕಣಮ್ಮಾ."

"ರೂಲ್ಸಿಗೆ ಎಣ್ಣೆ ಹಾಕ್ರಿ, ಉರೀತದೆ."

ಮೆಂಬರ್ರಿಗೂ ನಗು ಬಂತು. ನಾಲ್ಕನೇ ಸುತ್ತಿನ ಹೊತ್ತಿಗೆ ಅವರ ಚಪ್ಪಲಿಯ ಕಿರ್‍ರುಗುಟ್ಟುವಿಕೆ ಕುಂಚದ ಸರಬರ ಸದ್ದಿಗೆ ಹೊಂದಿಕೊಂಡಿತ್ತು. ಐದನೆಯದರಲ್ಲಿ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ, ಗಾದ್ರಮ್ಮ ನೀಡಿದ ಇನ್ನೊಂದು ಕುಂಚ ಹಿಡಿದು ಒಳಮಗ್ಗುಲಿಗೆ ತಾವೇ ಬಳಿಯತೊಡಗಿದರು. ಎಳೆಗಳಿಂದ ಹಬೆ ಏಳುತ್ತಿತ್ತು. ಆ ಹಬೆಯೊಳಗೆ ಅವರ ಕಾಲು ಕಾಣಿಸುತ್ತಿರಲಿಲ್ಲ. ಬಿಳಿ ಕೋಟೊಂದು ಕರಿಹೊಳೆಯಲ್ಲಿ ತೇಲುತ್ತ ಬರುತ್ತಿತ್ತು. ಒಂದು ಗಳಿಗೆ ಗಾದ್ರಮ್ಮನಿಗೆ ಹೊನ್ನಾಳಿಯ ದಂಡೆಯಲ್ಲಿ ಪಂಚೆ ಎತ್ತಿಕಟ್ಟಿ ನೀರಿಗಿಳಿದ ಗಂಡನೇ ಕಂಡಂತಾಯಿತು. ಏನೂ ಕೇಳುವುದೇ ಬೇಡ, ಹೀಗೇ ಹೋಗುತ್ತ ಬರುತ್ತ ಇದ್ದುಬಿಡಲಿ ಅನ್ನಿಸಿತು. ಆದರೂ ಕೇಳಿದಳು.

"ಬಸ್ಸಿನ ವಿಷಯ ಏನ್ರಿ?"

ಮೆಂಬರ್ರ ಕುಂಚ ನಿಂತಿತು. "ಅದು... ಅದು ಆಗೋಗೈತೆ ಯಕ್ಕಾ. ಸಭೆಯಾಗೆ ಪಾಸಾಗೈತೆ. ನಾನೂ ಕೈ ಎತ್ತೀನಿ. ಸುಳ್ಳು ಯಾಕೆ ಹೇಳ್ಲಿ? ಜನ ದಿನಾ ಬಸ್ಸು ತಳ್ಳಿ ಸಾಯ್ತಾರೆ. ಇಲ್ಲಿ ಒಂದಿಷ್ಟು ನೂಲು ಅಂತ ಅಂದ್ಕಂಡಿದ್ದೆ ನಾನು."

ಗಾದ್ರಮ್ಮನ ಕೈ ಒಂದೇ ಕಡೆ ನಿಂತಿತ್ತು. ಕುಂಚದ ಕೆಳಗೆ ಗಂಜಿ ಗಡ್ಡೆಯಾಗತೊಡಗಿತು. ಮೂವತ್ತು ವರ್ಷದಲ್ಲಿ ಅವಳ ಹಾಸಿನ ಮೇಲೆ ಹಾಗೆ ಆಗಿದ್ದಿಲ್ಲ. ಗೋಣೆಪ್ಪ ಓಡಿಬಂದು, "ಅತ್ತಿಗೇ, ಕೈ, ಕೈ!" ಅಂದ. ಅವಳು ಬೆರಳಿನಿಂದ ಎಳೆಎಳೆಯಾಗಿ ಬಿಡಿಸಿದಳು. ಕಣ್ಣು ಮಂಜಾಗಿ ಎಳೆಗಳು ಎರಡೆರಡಾಗಿ ಕಂಡವು.

ಅಷ್ಟರಲ್ಲಿ ಪಡುವಣ ದಿಕ್ಕಿನಿಂದ ಪೋಂ ಪೋಂ ಎಂದು ಕೇಳಿಸಿತು.

ಮೆಂಬರ್ರ ಮುಖ ಬಿಳಿಚಿಕೊಂಡಿತು. "ಅಯ್ಯೋ ಶಿವನೇ! ಇವತ್ತೇ ನೋಡ್ರಿ! ಒಂದು ಸಲ ಓಡಿಸಿ ನೋಡು ಅಂತ ಡ್ರೈವರ್ ಬೈಲಪ್ಪಂಗೆ ಹೇಳಿದ್ದೆ. ಬೀದಿ ಖಾಲಿ ಮಾಡ್ಸಿರ್ತೀನಿ, ಎಲ್ಲೂ ನಿಲ್ಲಿಸ್ಬ್ಯಾಡ ಅಂತಾನೂ ನಾನೇ ಹೇಳೀನಿ!"

ಬಸ್ಸು ತಿರುವಿನಲ್ಲಿ ಕಾಣಿಸಿತು. ಹೊಗೆಯೊಳಗೆ ಹೊಗೆಯಂತೆ, ತೂಗಾಡುತ್ತ, ನಿಧಾನವಾಗಿ. ಬೈಲಪ್ಪನಿಗೆ ಎದುರುಬಿಸಿಲು, ನೂಲು ಅವನಿಗೆ ಕಾಣುವಂತಿರಲಿಲ್ಲ. ಅಂಜಮ್ಮ ಕಿರುಚಿದಳು. ಗೋಣೆಪ್ಪ ಕೋಲಿನ ಮುಂದೆ ಹೋಗಿ ಕೈ ಅಗಲಿಸಿ ನಿಂತ. ಆದರೆ ಎಲ್ಲರಿಗಿಂತ ಮುಂದೆ ಓಡಿದ್ದು ಹಾಸುಗಳ ನಡುವಿನ ಓಣಿಯಲ್ಲಿದ್ದ ನಾಗೇಂದ್ರಪ್ಪನವರು. ಕುಂಚ, ಚಪ್ಪಲಿ ಅಲ್ಲೇ ಬಿಟ್ಟು, ಪಂಚೆ ನೂಲಿಗೆ ತಾಕದಂತೆ ಒಂದು ಕೈಲಿ ಅವುಚಿಕೊಂಡು ಓಡಿ, ತಲೆಕೋಲಿನ ಹತ್ತಿರ ನಿಂತು ಛತ್ರಿಯನ್ನು ಫಟ್ಟನೆ ಬಿಚ್ಚಿ ಎತ್ತಿ ಹಿಡಿದರು. "ಏ ಬೈಲಪ್ಪಾ! ನಿಲ್ಸೋ! ಹಸಿ ಹಾಸು ಐತೆ, ನಿಲ್ಸೋ!"

ಎಳೆಬಿಸಿಲಿನಲ್ಲಿ ಕರಿ ಛತ್ರಿ ಹೂವಿನಂತೆ ಅರಳಿದ್ದು ಬೈಲಪ್ಪನಿಗೆ ಕಂಡಿತು. ಬಸ್ಸು ಕೋಲಿಗೆ ಎರಡು ಮಾರು ಇರುವಾಗ ಮುಗ್ಗರಿಸಿ, ಒಮ್ಮೆ ನಿಟ್ಟುಸಿರಿಟ್ಟು ನಿಂತಿತು. ಒಳಗಿನ ಯಂತ್ರವೂ ಸತ್ತಿತು.

"ನೀವೇ ನಿಲ್ಲಿಸ್ಬ್ಯಾಡ ಅಂದ್ರಿ, ನೀವೇ ನಿಲ್ಸಿದ್ರಿ!" ಬೈಲಪ್ಪ ಇಳಿದು ಹಣೆ ಚಚ್ಚಿಕೊಂಡ. "ಇನ್ನು ಗ್ಯಾಸು ಏಳಾಕೆ ಮುಕ್ಕಾಲು ಗಂಟೆ ಒಲೆಯ ಗಾಳಿಚಕ್ರ ತಿರುಗಿಸ್ಬೇಕು."

"ತಿರುಗ್ಸು. ನಾನೂ ಅಲ್ಲೀತಂಕ ಇಲ್ಲೇ ಇರೋನು," ಅಂದರು ಮೆಂಬರ್ರು, ಏದುಸಿರು ಬಿಡುತ್ತ.

ಇಳಿದ ಪ್ರಯಾಣಿಕರು ಕಟ್ಟೆಗಳ ಮೇಲೆ ಕೂತರು. ಅಂಜಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಬಸವಾಪಟ್ಟಣದ ಕಡೆಯವನೊಬ್ಬ ನೂಲನ್ನೇ ನೋಡುತ್ತ ನೋಡುತ್ತ ಕೂತಲ್ಲೇ ತೂಕಡಿಸಿದ. ಬೀದಿಯಲ್ಲಿ ಗಾಳಿಚಕ್ರದ ಗುಂಯ್ ಗುಂಯ್, ಕುಂಚದ ಸರಸರ. ಎಲ್ಲರೂ ಒಟ್ಟಿಗೆ ಯಾವುದೋ ಒಂದೇ ನಿದ್ದೆಯಲ್ಲಿದ್ದಂತೆ ಇತ್ತು.

ಗಾದ್ರಮ್ಮ ತನ್ನ ಹಾಸಿನ ಈಚೆಯಿಂದಲೇ ಮೆಂಬರ್ರ ಎದುರು ಬಂದು ನಿಂತಳು.

"ಅಪ್ಪಾ, ನಿಮಗೂ ಕಷ್ಟ ಐತೆ, ನಂಗೊತ್ತು. ಹಾಸು ಬೆಳಿಗ್ಗೆ ಮಾತ್ರ. ಮಧ್ಯಾಹ್ನದ್ದು, ಸಂಜೀದು ಬಸ್ಸು ಇಲ್ಲೇ ಬರ್ಲಿ, ಯಾರ್ ಬ್ಯಾಡಂತಾರೆ? ಬೆಳಗಿನ ಬಸ್ಸೊಂದು ಪೇಟೆ ಏರಿಗೇ ಹೋಗ್ಲಿ. ತಳ್ಳಾಕೆ ಜನ ಬೇಕು ತಾನೇ? ಹಾಸು ಹಾಕದ ಮನಿಯೋರು ದಿನಾ ಆರಾಳು ಬಂದು ಏರಿನ ಬುಡದಾಗೆ ನಿಂತಿರ್ತಾರೆ. ಬಸ್ಸಿನಾಗೆ ಕುಂತಿರೋರು ಕುಂತಂಗೇ ಇರ್ಲಿ, ಇಳಿಯೋದೇ ಬ್ಯಾಡ."

"ಗಂಡಸ್ರು ಬರ್ದಿದ್ರೆ ನಾವೇ ತಳ್ತೀವಿ," ಅಂದಳು ಅಂಜಮ್ಮ.

"ನೀನು ತಳ್ಳಿದ್ರೆ ಬಸ್ಸು ದಾವಣಗೆರೆಯಾಗೇ ನಿಲ್ಲೋದು," ಅಂದ ಬೈಲಪ್ಪ, ಚಕ್ರ ತಿರುಗಿಸುತ್ತಲೇ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಮೆಂಬರ್ರು ನಗಲಿಲ್ಲ. "ಪಾಸಾದ ಕಾಗದ ಯಕ್ಕಾ. ತಿದ್ದಬೇಕು ಅಂದ್ರೆ ಸಭೆಯಾಗೆ ನಾನೇ ಎದ್ದು ನಿಂತು, ನಾನು ತಪ್ಪಿದೆ ಅನ್ಬೇಕಾಗ್ತೈತೆ."

"ಅನ್ರಿ. ನಮ್ಮ ಕೈಯಾಗೆ ದಿನಕ್ಕೆ ಹತ್ತು ಎಳೆ ಹರೀತಾವೆ. ಕಟ್ಟಲ್ವೇನ್ರಿ ನಾವು?"

ಅವರು ಒದ್ದೆ ಎಳೆಗಳನ್ನು ನೋಡಿದರು. ತಮ್ಮ ಓಟದಲ್ಲಿ ಕೋಟಿನ ಗುಂಡಿ ತಾಕಿ ಒಂದೆಳೆ ಹರಿದು ಜೋತಿತ್ತು. ಬಗ್ಗಿ, ಗಾದ್ರಮ್ಮ ತೋರಿಸಿಕೊಟ್ಟಂತೆ, ಉಗುಳು ಮುಟ್ಟಿಸಿ ಹೊಸೆದು ಕೂಡಿಸಿದರು. ಮೊದಲ ಸಲ ಬಿಚ್ಚಿಕೊಂಡಿತು. ಎರಡನೆಯ ಸಲ ನಿಂತಿತು.

"ಸೋಮವಾರ ಸಭೆ ಐತೆ," ಅಂದರು ಎಳೆಯಿಂದ ಕಣ್ಣೆತ್ತದೆ. "ಹೇಳ್ತೀನಿ. ಹಸಿ ಹಾಸಿನ ನಡುವೆ ನಿಂತು ಆಡಿದ ಮಾತು ಇದು, ತಪ್ಪಾಕಾಗಲ್ಲ ಅಂತಾನೂ ಹೇಳ್ತೀನಿ. ಆ ಆರಾಳಿನ ಹೆಸರು ಮಾತ್ರ ಇವತ್ತೇ ಬೇಕು."

"ಮೊದಲ್ನೇ ಹೆಸರು ನಂದು ಬರ್ಕಳ್ರಿ," ಅಂದ ಗೋಣೆಪ್ಪ.

ಗಾದ್ರಮ್ಮ ಕುಂಚವನ್ನು ಗಂಜಿಗೆ ಅದ್ದಿ ಮತ್ತೆ ನಡೆಯತೊಡಗಿದಳು. ಈ ಸಲ ಕೈ ಎಲ್ಲೂ ನಿಲ್ಲಲಿಲ್ಲ. ಮೆಂಬರ್ರೂ ಬಿಟ್ಟಿದ್ದ ಕುಂಚ ಎತ್ತಿಕೊಂಡು ಒಳಗಡೆಯಿಂದ ಜತೆಗೆ ನಡೆದರು.

ನೆರಳು ಕಟ್ಟೆಯಿಂದ ಜಾರಿತು. ಎಳೆಗಳು ಗರಿಗರಿಯಾಗಿ ಒಣಗಿ ಬೆರಳಿಗೆ ಮಿಡಿಯತೊಡಗಿದವು. ಗೋಣೆಪ್ಪ ತಲೆಕೋಲು ಬಿಚ್ಚಿದ. ಗಾದ್ರಮ್ಮ ತನ್ನ ಹಾಸು ಸುತ್ತಿದಳು, ಅಂಜಮ್ಮ ತನ್ನದು. ಹೊಳೆ ಎರಡೂ ಕಡೆಯಿಂದ ಬತ್ತಿ ಬರಿಯ ಬೀದಿ ಉಳಿಯಿತು. ಬೈಲಪ್ಪ ಜನರನ್ನು ಹತ್ತಿಸಿಕೊಂಡು ಹಾರನ್ನು ಹೊಡೆದ.

"ಮೆಂಬರ್ರೇ, ಸರಿದು ನಿಂತ್ಕಳ್ರಿ!"

ನಾಗೇಂದ್ರಪ್ಪನವರಿಗೆ ಕೇಳಿಸಿದಂತೆ ಕಾಣಲಿಲ್ಲ. ಬರಿಗಾಲಲ್ಲಿ, ಬಟಾಬಯಲಾದ ಬೀದಿಯ ನಟ್ಟನಡುವೆ ಅವರು ಕುಂಚ ಹಿಡಿದು ನಿಂತೇ ಇದ್ದರು. ಗಾದ್ರಮ್ಮ ಸುತ್ತಿದ ಹಾಸನ್ನು ಹೆಗಲಿಗೇರಿಸಿ, ಹತ್ತಿರ ಹೋಗಿ, "ಒಣಗೈತೆ ಬರ್ರಪ್ಪಾ," ಅಂದು ಅವರ ಮೊಣಕೈ ಹಿಡಿದು ಕಟ್ಟೆಯ ಕಡೆ ಕರೆದೊಯ್ದಳು.