ನಾನು ಹೊರದ ಚೌರಪ್ಪ

ಹೆಣ ಹೊರುವ ಪೆಟ್ಟಿಗೆ ಬಾಯಿ ಬಿಡಬಾರದು. ಅದು ತಿಳಿದೂ ಹೇಳಹೊರಟಿದ್ದೇನೆ, ಕ್ಷಮಿಸಿ. ಹೇಳುವುದರಲ್ಲಿ ತಪ್ಪಿದ್ದರೆ ಅದು ನನ್ನದು, ಸತ್ತವರದಲ್ಲ.

ನಾನು ಹಲಸಿನ ಹಲಗೆಯ ಪೆಟ್ಟಿಗೆ. ಮೈಸೂರು ಸೀಮೆಯ ಒಂದು ಪುಟ್ಟ ಕ್ರೈಸ್ತರ ಊರಿನಲ್ಲಿ, ಪ್ಲೇಗು ಬಂದುಹೋದ ಮರುವರ್ಷ ನನ್ನನ್ನು ಮಾಡಿದರು. ಅರವತ್ತು ಮನೆಗೂ ನಾನೊಂದೇ. ಊರವರು ಗುಡಿ ಎನ್ನುವ ಚರ್ಚಿನಲ್ಲಿ ಸಾವಿನ ಗಂಟೆ ಬಡಿದರೆ ನನ್ನನ್ನು ಅದರ ಅಟ್ಟದಿಂದ ಇಳಿಸುತ್ತಿದ್ದರು. ಸತ್ತವರನ್ನು ನನ್ನಲ್ಲಿ ಮಲಗಿಸಿ ಸ್ಮಶಾನಕ್ಕೆ ಒಯ್ದು, ಬಟ್ಟೆ ಸುತ್ತಿದ ದೇಹವನ್ನಷ್ಟೇ ಮಣ್ಣಿಗಿಟ್ಟು, ನನ್ನನ್ನು ತೊಳೆದು ಮತ್ತೆ ಅಟ್ಟಕ್ಕೇರಿಸುತ್ತಿದ್ದರು. ಪಟೇಲರೂ ನನ್ನಲ್ಲೇ ಹೋದರು, ಕೂಲಿಯವರೂ ನನ್ನಲ್ಲೇ ಹೋದರು.

ನನ್ನ ತಳ ಸಡಿಲವಾದಾಗಲೆಲ್ಲ ಸರಿಮಾಡುತ್ತಿದ್ದವನು ಬಡಗಿ ಚೌರಪ್ಪ. ಒಮ್ಮೆ ಗುಡಿಯ ಅಂಗಳದಲ್ಲಿ, ಎಲ್ಲರೂ ನೋಡುತ್ತಿರುವಾಗಲೇ ನನ್ನೊಳಗೆ ಉದ್ದಕ್ಕೆ ಮಲಗಿಬಿಟ್ಟ.

"ಥೂ, ಏಳೋ! ಕರೆಯಾಕ್ ಮುಂಚೇನೇ ಹೋಗ್ ಮಲಗವ್ನೆ," ಎಂದು ತಾಯಿ ಆರೋಗ್ಯಮ್ಮ ಬೈದಳು.

"ನನ್ ಅಳತೆಗೆ ಸರಿಯಾಗೈತೆ ಕಣವ್ವ!"

ಊರೆಲ್ಲ ನಕ್ಕಿತು.

ಮರುವಾರ ಅವನಿಗೆ ಗೊತ್ತಾಗಿದ್ದ ಮದುವೆ ಮುರಿಯಿತು. ಅದಾದ ಮೂರನೇ ದಿನ ಚೌರಪ್ಪ ಗುಡಿಯ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ. ತಾನೇ ಪ್ರಾಣ ಕಳೆದುಕೊಂಡವನಿಗೆ ಆಗ ಗಂಟೆಯಿಲ್ಲ, ಪೆಟ್ಟಿಗೆಯಿಲ್ಲ, ಸ್ಮಶಾನದ ಗೋಡೆಯೊಳಗೆ ಜಾಗವಿಲ್ಲ. ಅಟ್ಟದ ಬೀಗದ ಕೈ ಇದ್ದದ್ದು, ಊರಿಗೆ ಜಪ ಹೇಳಿಕೊಡುವ ಉಪದೇಶಿ ಇನ್ನಾಸಪ್ಪನ ಬಳಿ. ಆರೋಗ್ಯಮ್ಮ ಏಣಿಯ ಬುಡದಲ್ಲಿ ಅವನ ಕಾಲು ಹಿಡಿದಳು.

"ಕಾಲ್ ಜಾರೈತೆ ಇನ್ನಾಸಣ್ಣ. ಕಟ್ಟೆ ಪಾಚಿ ಕಟ್ಟೈತೆ, ನೀನೇ ನೋಡ್ ಬಾ."

"ಮೊನ್ನೆ ಅವ್ನೇ ಅಳತೆ ನೋಡ್ಕೊಂಡ್ನಲ್ಲವ್ವ. ಊರೇ ಕಂಡೈತೆ."

"ತಮಾಸೆಗ್ ಕಣಣ್ಣೋ! ಪೆಟ್ಟಿಗೆ ಒಂದ್ ಕೊಡು."

"ಪಾದ್ರಿ ಸ್ವಾಮಿಗಳು ಬ್ಯಾಡ ಅಂದವ್ರೆ. ನಾನೇನ್ ಮಾಡ್ಲಿ?"

ಅಂದು ಅಂಗಳದಲ್ಲಿ ನನ್ನೊಳಗೆ ಮಲಗಿದಾಗ ಒಂದು ಮೊಳೆ ಚೌರಪ್ಪನ ಬೆನ್ನಿಗೆ ಚುಚ್ಚಿತ್ತು. ಮುಂದೆ ಮಲಗುವವರಿಗೆ ಚುಚ್ಚದಿರಲೆಂದು ಅದನ್ನು ಬಡಿದು ಕೂರಿಸಿದ್ದ. ಅವನು ಮಲಗಿದ್ದು ತಳ ಪರೀಕ್ಷಿಸಲಿಕ್ಕೆ. ಇದನ್ನು ಬಲ್ಲದ್ದು ನಾನೊಂದೇ, ನನಗೆ ಬಾಯಿಲ್ಲ. ಅವನನ್ನು ಚಾಪೆಯಲ್ಲಿ ಸುತ್ತಿ ಗೋಡೆಯಾಚೆ ಕಳ್ಳಿಸಾಲಿನ ಬುಡದಲ್ಲಿ ಹೂತರು.

ಪ್ರತಿ ವರ್ಷ ಸತ್ತವರ ಹಬ್ಬದಂದು ಎಲ್ಲರೂ ಗೋಡೆಯೊಳಗೆ ಮೇಣದಬತ್ತಿ ಹಚ್ಚುತ್ತಿದ್ದರು. ಆರೋಗ್ಯಮ್ಮ ತನ್ನದನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಗೋಡೆ ಸುತ್ತಿ ಆಚೆಗೆ ಹೋಗುವುದು ಅಟ್ಟದ ಕಿಂಡಿಯಿಂದ ನನಗೆ ಕಾಣುತ್ತಿತ್ತು.

ಹತ್ತೊಂಬತ್ತು ವರ್ಷದ ಮೇಲೆ ಅವಳೂ ನನ್ನಲ್ಲಿ ಮಲಗಿದಳು. ಸ್ಮಶಾನದ ಗೇಟಿನಲ್ಲಿ ಮುದುಕ ಇನ್ನಾಸಪ್ಪ ಹೊರುವವರನ್ನು ತಡೆದ.

"ಆ ಕಡೆ ತಿರುಗ್ರಲಾ."

"ಗುಂಡಿ ಒಳಗೈತಲ್ಲ ದೊಡ್ಡಪ್ಪ?"

"ಗೊತ್ತು, ನಡೀರಿ."

ಕಳ್ಳಿಸಾಲಿನ ಬಳಿ ನನ್ನನ್ನು ಇಳಿಸಿದರು. ಇನ್ನಾಸಪ್ಪ ನೆಲ ನೋಡುತ್ತ, "ಚೌರಪ್ಪ, ನಿಮ್ಮವ್ವ ಬಂದವ್ಳೆ ಕಣಪ್ಪ," ಎಂದ. ಒಂದು ಜಪ ಮುಗಿಯುವಷ್ಟು ಹೊತ್ತು ತಾಯಿ ಮಗನ ಮೇಲಿದ್ದಳು. ಅವರ ನಡುವೆ ಇದ್ದದ್ದು ನನ್ನ ತಳ, ಆಮೇಲೆ ಮಣ್ಣು. ನಂತರ ಅವಳನ್ನು ಎತ್ತಿಕೊಂಡು ಗೋಡೆಯೊಳಗೆ ಹೋದರು.

ಈಗ ಮನೆಮನೆಯವರೂ ತಮ್ಮ ಪೆಟ್ಟಿಗೆ ತಾವೇ ತರುತ್ತಾರೆ. ನಾನು ಗುಡಿಯ ಹಿಂದೆ ಗೆದ್ದಲಿಗೆ ಬಿದ್ದಿದ್ದೇನೆ. ಚೌರಪ್ಪ ಬಡಿದ ಮೊಳೆ ಇನ್ನೂ ಎದ್ದಿಲ್ಲ. ಅವನು ಬಾವಿಗೆ ಜಾರಿದನೋ, ಹಾರಿದನೋ, ನನಗೆ ಗೊತ್ತಿಲ್ಲ.