ಕೆರೆಯ ತಳದ ಮಣ್ಣು

ನೀರು ಸರಬರಾಜು ಕಚೇರಿಯಲ್ಲಿ ನೀರಿನ ಪರೀಕ್ಷೆ ಮಾಡುತ್ತಿದ್ದ ತಂಗಿಗೆ ನಿಸರ್ಗ ಸಂರಕ್ಷಣೆಯಲ್ಲಿ ಎಂ.ಎಸ್ಸಿ. ಓದುವ ಆಸೆ. ಹೆಸರಾಂತ ವಿಶ್ವವಿದ್ಯಾಲಯದ ಶುಲ್ಕ ಕೇಳಿಯೇ ಅದನ್ನು ಕೈಬಿಟ್ಟಿದ್ದಳು. ಕೈಗೆಟುಕುವಂತಿದ್ದದ್ದು ಕೆರೆಯ ಪಕ್ಕದ ಸಣ್ಣ ಕಾಲೇಜೊಂದೇ. ನೋಡಿ ಬರೋಣವೆಂದು ಅಕ್ಕನನ್ನೂ ಕರೆದುಕೊಂಡು ಹೋದಳು.

ತಗಡಿನ ಚಾವಣಿ, ಬಣ್ಣ ಕಿತ್ತುಹೋದ ಬೆಂಚು ಕಂಡು ಅಕ್ಕ ಮೂಗು ಮುರಿದಳು. "ಇದು ಕಾಲೇಜಾ, ಗುಜರಿ ಅಂಗಡಿನಾ? ಅಗ್ಗದ ಮಾಲು ಅಂತ ಸುಮ್ನೆ ಹೇಳ್ತಾರಾ!"

ಅಷ್ಟರಲ್ಲಿ ಅಲ್ಲಿ ಪಾಠ ಮಾಡುವ ಮೇಡಂ, ಪಾಠ ಹೇಗಿರುತ್ತದೆಂದು ತೋರಿಸಲು, ಇಬ್ಬರನ್ನೂ ದೋಣಿ ಹತ್ತಿಸಿಕೊಂಡರು. ಕೆರೆಯ ನಡುವೆ ಉದ್ದನೆಯ ಗಾಜಿನಂಥ ಕೊಳವೆಯನ್ನು ತಳಕ್ಕೆ ಒತ್ತಿ, ಮೂವರೂ ಸೇರಿ ಮೇಲೆಳೆದರು. ಅದರೊಳಗಿನ ಕೆಸರು ಪದರ ಪದರವಾಗಿತ್ತು.

"ವರ್ಷ ವರ್ಷ ತಳಕ್ಕೆ ಕೂತ ಮಣ್ಣು ಇದು. ಈ ಕಪ್ಪು ಗೆರೆ ನೋಡಿ, ಮಸಿ; ಇದು ಕೂತಾಗ ಸುತ್ತಲ ಕಾಡಿಗೆ ಬೆಂಕಿ ಬಿದ್ದಿತ್ತು. ನಿಮ್ಮ ಮುತ್ತಜ್ಜಿಯ ಮುತ್ತಜ್ಜಿನೂ ಹುಟ್ಟಿರ್ಲಿಲ್ಲ. ಅದರ ಮೇಲಿನ ಪದರದ ತುಂಬ ಹೂವಿನ ಪರಾಗ. ಕಾಡು ಮತ್ತೆ ಚಿಗುರ್ತು," ಎಂದರು ಮೇಡಂ.

ತಂಗಿ ಕೊಳವೆಯ ಮೇಲೆ ಬೆರಳಿಟ್ಟು ಒಂದೊಂದೇ ಪದರವನ್ನು ನೋಡುತ್ತ ಹೋದಳು. ದಿನಾ ಪರೀಕ್ಷಿಸುತ್ತಿದ್ದ ಇದೇ ಕೆರೆಯ ನೀರಿನಡಿ ಇಷ್ಟೊಂದು ಕಾಲ ಮಲಗಿದೆಯೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಬಾಯಿಬಡುಕಿ ಅಕ್ಕನೂ ಕೊಳವೆಯ ಹತ್ತಿರ ಬಗ್ಗಿ ಆ ಕಪ್ಪು ಗೆರೆಯನ್ನೇ ನೋಡುತ್ತಿದ್ದಳು.

ದಡ ಮುಟ್ಟಿದ್ದೇ ತಡ, ಇಲ್ಲೇ ಸೇರುತ್ತೇನೆಂದು ತಂಗಿ ಹೇಳಿಬಿಟ್ಟಳು. ಅಕ್ಕ ಮಾತ್ರ ದೋಣಿಯಿಂದ ಇಳಿಯಲೇ ಇಲ್ಲ. "ಮೇಡಂ, ಆ ಕಪ್ಪು ಗೆರೆನ ಒಂದ್ಸಲ ಮುಟ್ಲಾ?" ಎಂದಳು ಮೆಲ್ಲಗೆ.